ಪೇಂಟರ್ ಮಾಮನಿಗೆ ಬರೆಯಲಾಗದ ಮುಖ

ಹೋದ ವಾರ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಹೊಸ ಬಾಗಿಲಿಗೆ ಬಡಗಿ ಅಗಸೆ ಎಣ್ಣೆ ಸವರಿ ಹೋದ. ಮನೆ ತುಂಬ ಅದೇ ವಾಸನೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ನಾನು ಒಲೆಯ ಮೇಲಿನ ಸಾರು ಬಿಟ್ಟು ಬಂದು ಬಾಗಿಲ ಹತ್ತಿರ ಸುಮ್ಮನೆ ನಿಂತೆ. ಕೊಟ್ಟೂರಿನಲ್ಲಿ ನಮ್ಮ ತವರುಮನೆಯ ಎದುರಿಗಿದ್ದ ಪೇಂಟರ್ ಮಾಮನ ಪಡಸಾಲೆಯಲ್ಲಿ ವರ್ಷವಿಡೀ ಇದೇ ವಾಸನೆ ಇರುತ್ತಿತ್ತು...

ಸೋದರಮಾವನಲ್ಲ, ಓಣಿಗೆಲ್ಲ ಮಾಮ. ತೀರಿಹೋದವರ ಚಿತ್ರ ಬರೆಯುವುದು ಅವರ ಕೆಲಸ. ಹಡಗಲಿ, ಕೂಡ್ಲಿಗಿ ಕಡೆಯಿಂದ ಜನ ಹಳೆಯ ಗುರುತಿನ ಕಾರ್ಡಿನಿಂದ ಕಿತ್ತ ಫೋಟೊ ಹಿಡಿದು ಬರುತ್ತಿದ್ದರು. ಕೆಲವರ ಕೈಯಲ್ಲಿ ಮದುವೆಯ ಗುಂಪಿನ ಫೋಟೊ, ಅದರೊಳಗೆ ಕಡಲೆಕಾಳಿನಷ್ಟು ಮುಖ. ಮಾಮ ಅದರ ಮೇಲೆ ಚೌಕ ಚೌಕವಾಗಿ ಗೆರೆ ಕೊರೆದ ಗಾಜು ಇಟ್ಟು, ಭೂತಗನ್ನಡಿಯಲ್ಲಿ ನೋಡುತ್ತ, ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ಕ್ಯಾನ್ವಾಸಿಗೆ ಇಳಿಸುತ್ತಿದ್ದರು. ಆ ಗಾಜನ್ನು ಯಾರೂ ಮುಟ್ಟುವಂತಿರಲಿಲ್ಲ. ಹುಬ್ಬು ಬರೆಯುವುದಕ್ಕೆಂದೇ ಒಂದು ಬ್ರಷ್ಷಿತ್ತು. ಬ್ಲೇಡಿನಿಂದ ಕತ್ತರಿಸಿ ಕತ್ತರಿಸಿ ಅದರಲ್ಲಿ ಐದಾರು ಕೂದಲು ಮಾತ್ರ ಉಳಿಸಿದ್ದರು. ಬಣ್ಣ ಕಲಸಲು ಅಂಚು ಒಡೆದ ಚಹಾದ ಬಸಿ. ಕೈ ಅಲುಗದಂತೆ ಊರಿಕೊಳ್ಳಲು ಒಂದು ಕೋಲು, ಅದರ ತುದಿಗೆ ಅತ್ತೆಯ ಹಳೆಯ ಸೀರೆಯ ಚೂರು ಸುತ್ತಿರುತ್ತಿತ್ತು. ಅತ್ತೆ ಎಂದರೆ ಮಾಮನ ಹೆಂಡತಿ.

ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ರೊಟ್ಟಿ ತಿಂದು ಕೂತರೆ ಹೊತ್ತು ನೆತ್ತಿಗೇರುವವರೆಗೆ ಮುಖದ ಕೆಲಸ. ಆಮೇಲೆ ಏನಿದ್ದರೂ ಸೀರೆ, ರುಮಾಲು, ಕುರ್ಚಿ. ಮಧ್ಯಾಹ್ನದ ಬಿಸಿಲು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಕೈ ಕಟ್ಟಿಹೋದಂತಾದರೆ ಬಸ್ಸು ಹತ್ತಿ ಹರಪನಹಳ್ಳಿಗೆ ಹೋಗಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮುದುಕರ ಕಿವಿ, ದವಡೆ ನೋಡಿಕೊಂಡು ಬರುತ್ತಿದ್ದರು. ವರ್ಷಕ್ಕೊಮ್ಮೆ ಹೊಳಲಿನ ಅನಂತಶಯನನ ಗುಡಿಗೆ. ಭಕ್ತಿಗೇನೂ ಅಲ್ಲ. ಮಲಗಿದ ಮುಖದಲ್ಲಿ ಜೀವ ಎಲ್ಲಿ ಕೂತಿರುತ್ತದೆ ಎಂದು ನೋಡುವುದಕ್ಕಂತೆ.

ಸತ್ತವರನ್ನೇ ಬರೆಯುವ ಕೈ ಅಲ್ಲವೇ, ಬದುಕಿದ್ದವರನ್ನು ಬರೆದರೆ ಅವರು ಉಳಿಯುವುದಿಲ್ಲ ಎಂದು ಓಣಿಯಲ್ಲಿ ಗಟ್ಟಿ ನಂಬಿಕೆ. ಮಾಮ ಬರುತ್ತಿದ್ದರೆ ನಾವು ಹುಡುಗಿಯರು ಕಿಸಿಕಿಸಿ ನಗುತ್ತ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದೆವು. ಜನ ಹೆದರಬಾರದೆಂದು ಅವರು ನೆಲ ನೋಡುತ್ತಲೇ ನಡೆಯುತ್ತಿದ್ದರು. ಮನೆಯಲ್ಲೂ ಅದೇ ರೂಢಿ. ಅತ್ತೆಗೂ ಒಳಗೊಳಗೆ ಅಳುಕು. ಗಂಡ ತಲೆ ಎತ್ತಿದರೆ ಸೆರಗು ಎಳೆದುಕೊಳ್ಳುತ್ತಿದ್ದರು, ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುತ್ತಿದ್ದರು. ಅವರ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ನಾನು ಎಷ್ಟು ಮಧ್ಯಾಹ್ನ ಕಳೆದಿದ್ದೇನೋ ಲೆಕ್ಕವಿಲ್ಲ. ಮಕ್ಕಳಿಲ್ಲದ ಅವರಿಗೆ ನನ್ನ ಮೇಲೆ ಬಲು ಜೀವ. ನನ್ನ ನಿಶ್ಚಿತಾರ್ಥದ ದಿನ ಅತ್ತೆ ನನ್ನ ಹೆಗಲು ಹಿಡಿದುಕೊಂಡು ಏನಕ್ಕೋ ನಕ್ಕರು. ಫೋಟೊದವನು ಅದೇ ಹೊತ್ತಿಗೆ ಕ್ಲಿಕ್ ಮಾಡಿಬಿಟ್ಟ. ಅತ್ತೆಯ ಮುಖ ಸಿಕ್ಕಿದ್ದು ಅದೊಂದರಲ್ಲೇ.

ನನ್ನ ಮದುವೆಗೆ ತಿಂಗಳಿರುವಾಗ ಅತ್ತೆ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಕರ್ಮವೆಲ್ಲ ಮುಗಿದ ಮರುದಿನ ಮಾಮ ನಮ್ಮ ಬಾಗಿಲಿಗೆ ಬಂದು ಅವ್ವನ ಮುಂದೆ ನಿಂತರು.

"ಆಕೀದೊಂದು ಫೋಟೊ ಇದ್ರ ಕೊಡ್ರಿ ಅಕ್ಕಾರ. ಮೂವತ್ತು ವರ್ಷ ಕೂಡಿ ಬಾಳೇವಿ. ಕಣ್ಣು ಮುಚ್ಚಿದ್ರ ಸೀರಿ ಕಾಣತೈತಿ, ಬಳಿ ಕಾಣತಾವ. ಮುಖ ಬರವಲ್ದು."

"ಇಲ್ರೀ ಅಣ್ಣಾರ, ಒಂದೂ ಇಲ್ಲ," ಎಂದಳು ಅವ್ವ.

ನಾನು ಬಾಗಿಲ ಹಿಂದೆಯೇ ಇದ್ದೆ. ಆಲ್ಬಮ್ ನಾಲ್ಕು ಹೆಜ್ಜೆ ದೂರದ ಅಲಮಾರಿಯಲ್ಲಿತ್ತು. ಮಾಮ ಹೋದ ಮೇಲೆ ಅವ್ವ ನನ್ನನ್ನೇ ಗದರಿಸಿದಳು. "ಮದುವಿ ಆಗಾಕಿ ನಿಂತ ಫೋಟೊ ಆ ಗಾಜಿನ ಕೆಳಗ ಇಡಾಕ ಕೊಡ್ಲೇನು? ಕತ್ತರಿಸಿ ಕೊಟ್ರ ಅದೂ ಅಪಶಕುನ." ಬಿ.ಎ. ಮಾಡಿದ ಹುಡುಗಿ ನಾನು, ನಕ್ಕುಬಿಡಬಹುದಿತ್ತು. ನಗಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಗಿತ್ತು.

ಮದುವೆಯಾದ ಮೇಲೆ ಕೊಡೋಣವೆಂದುಕೊಂಡೆ. ಅಷ್ಟರಲ್ಲಿ ಬಸುರಿಯಾದೆ, ಆಮೇಲೆ ಕೈಗೂಸು... ಹೆದರುವುದಕ್ಕೆ ಒಂದಲ್ಲ ಒಂದು ನೆಪ ಸಿಗುತ್ತಲೇ ಹೋಯಿತು. ಆಲ್ಬಮ್ ನನ್ನ ಜೊತೆ ಗಂಡನ ಮನೆಗೆ ಬಂದು ಟ್ರಂಕಿನ ತಳ ಸೇರಿತು.

ಒಮ್ಮೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಮಾಮ ಸಿಕ್ಕರು. ಸೊರಗಿದ್ದರು. ನನ್ನ ಕಂಕುಳಲ್ಲಿ ಮಗಳು, ಬಸ್ಸು ಹೊರಡುವುದರಲ್ಲಿತ್ತು. ಅವರು ಎಂದಿನಂತೆ ನೆಲ ನೋಡುತ್ತಲೇ ಕೇಳಿದರು:

"ನೀ ಆಕೀ ಕೂಡ ಭಾಳ ಕುಂತಾಕಿ. ನಕ್ಕಾಗ ಆಕೀಗೆ ಗಲ್ಲದಾಗ ಕುಣಿ ಬೀಳ್ತಿತ್ತಲ್ಲ, ಅದು ಎಡಕ್ಕೋ ಬಲಕ್ಕೋ, ನೆನಪೈತೇನವಾ?"

ಕಂಡಕ್ಟರ್ ಸೀಟಿ ಊದುತ್ತಿದ್ದ. "ಎಡಕ್ಕ ಮಾಮ," ಎಂದು ಹೇಳಿ ಬಸ್ಸು ಹತ್ತಿದೆ. ಮನೆಗೆ ಬಂದು ಆಲ್ಬಮ್ ತೆಗೆದು ನೋಡಲಿಲ್ಲ. ನನಗೆ ಅಷ್ಟು ನಂಬಿಕೆ, ನನ್ನ ನೆನಪಿನ ಮೇಲೆ. ಅವತ್ತು ಬಸ್ಸಿನ ಕಿಟಕಿಯಿಂದ ನೋಡಿದಾಗ ಮಾಮ ತಮ್ಮ ಎಡಗೆನ್ನೆಯನ್ನೇ ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತ ನಿಂತಿದ್ದರು. ನಾನು ಅವರನ್ನು ಜೀವಂತ ಕಂಡಿದ್ದು ಅದೇ ಕೊನೆ.

ತೀರಿಹೋದರೆಂದು ಅವ್ವ ಫೋನ್ ಮಾಡಿದಾಗ ಹೋದೆ. ಮಣ್ಣು ಮುಗಿಸಿ ಬಂದ ಮೇಲೆ ಅವರ ತಮ್ಮನ ಮಗ ಗೋಡೆಗೆ ತಿರುಗಿಸಿಟ್ಟಿದ್ದ ಒಂದು ಕ್ಯಾನ್ವಾಸನ್ನು ನನ್ನ ಕಡೆ ತಿರುಗಿಸಿದ. ಹಸಿರು ಇಳಕಲ್ ಸೀರೆ, ಅದರ ಅಂಚಿನ ಒಂದೊಂದು ಎಳೆಯೂ ಸರಿಯಾಗಿತ್ತು. ಬೆಂಡೋಲೆ, ಮೂಗುತಿ, ಕುಂಕುಮ ಎಲ್ಲ ಇತ್ತು. ಕಣ್ಣಿಲ್ಲ, ಬಾಯಿಲ್ಲ. ಬರೀ ಗೋಧಿ ಬಣ್ಣ. ಎಡಗೆನ್ನೆಯಲ್ಲಿ ಮಾತ್ರ ಒಂದು ಸಣ್ಣ ಗುಳಿ.

"ಇಷ್ಟು ವರ್ಷ ಇದೊಂದ ನೋಡ್ರಿ ಅಕ್ಕ," ಎಂದ ಆತ. "ದಿನಾ ಮುಂಜಾನಿ ಈ ಗಲ್ಲ ಒರಸೋದು, ತಿರುಗಿ ಬರಿಯೋದು. ಇಲ್ಲಿಂದ ನಗು ಹಿಡದ್ರ ಮುಖ ತಾನಾ ಬರತೈತಿ ಅಂತಿದ್ದ. ಬರಲೇ ಇಲ್ಲ."

ಅವತ್ತು ಸಂಜೆ ಮನೆಗೆ ಬಂದವಳೇ ಟ್ರಂಕು ತೆಗೆದೆ. ಫೋಟೊದಲ್ಲಿ ಅತ್ತೆ ನನ್ನ ಹೆಗಲು ಹಿಡಿದು ನಗುತ್ತಿದ್ದರು. ಗುಳಿ ಬಲಗೆನ್ನೆಯಲ್ಲಿತ್ತು.

ಅವ್ವನೂ ಈಗಿಲ್ಲ, ಸಿಟ್ಟು ಮಾಡೋಣವೆಂದರೂ ಯಾರ ಮೇಲೆ ಮಾಡಲಿ. ಮಾಡಬೇಕಾದದ್ದು ನನ್ನ ಮೇಲೆಯೇ. ಹೋದ ವಾರ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಫೋಟೊ ಕೈಗೆ ತೆಗೆದುಕೊಂಡು, ಸ್ಟುಡಿಯೊದಲ್ಲಿ ಆ ಅಜ್ಜಿಯ ಮುಖವೊಂದನ್ನೇ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸೋಣ, ಅರ್ಧ ಗಂಟೆಯ ಕೆಲಸ ಎಂದಳು. ಬೇಡ ಎಂದೆ. ಆ ಮುಖ ಬೇಕಾಗಿದ್ದದ್ದು ಒಬ್ಬರಿಗೆ. ಅವರು ಬಾಗಿಲಿಗೆ ಬಂದು ಕೇಳಿದ್ದರು.