ಎಡಗೈಯ ಕುಡಗೋಲು

ಎಳ್ಳು ಅಮಾವಾಸ್ಯೆ ಹತ್ತಿರ ಬಂತೆಂದರೆ ಆಗೆಲ್ಲ ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ಮೊದಲು ಬೈಗುಳ ಶುರುವಾಗುತ್ತಿದ್ದವು. ಬೈಯುವವಳು ನಮ್ಮ ಆಯಿ, ಅಪ್ಪನ ತಾಯಿ. ಬೈಸಿಕೊಳ್ಳುವವಳು ನಾನು. ಹೂವಿನ ಹಿಪ್ಪರಗಿಯ ಹೊರಗೆ ಬಾವಿಯ ಬದಿಗೆ ನಮ್ಮದೊಂದು ಸಣ್ಣ ತೋಟವಿತ್ತು. ಮೆಂತ್ಯ, ಉಳ್ಳಾಗಡ್ಡಿ, ಮೂಲಂಗಿ ಎಲ್ಲ ಇದ್ದರೂ ಚಳಿಗಾಲದಲ್ಲಿ ಅಲ್ಲಿಯ ಯಜಮಾನಿಕೆ ಹಕ್ಕರಕಿ ಸೊಪ್ಪಿನದೇ. ನಮ್ಮ ಕಡೆಯವರಿಗೆ ಹಕ್ಕರಕಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದು ಪಕ್ಕಕ್ಕೆ ಆ ಹಸಿ ಎಲೆ ಇಲ್ಲದಿದ್ದರೆ ಉಂಡಂತೆಯೇ ಅಲ್ಲ. ಅಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲಿ ಊಟಕ್ಕೆ ಕೂತಾಗಲಂತೂ ಅದು ಬೇಕೇ ಬೇಕು.

ಹಕ್ಕರಕಿ ಕೊಯ್ಯುವುದಕ್ಕೊಂದು ರೀತಿ ಇದೆ. ಬಿಸಿಲೇರುವ ಮೊದಲೇ ಮಡಿಯ ಬದಿಗೆ ಕೂತು, ಒಂದು ಕೈಯಿಂದ ಎಲೆಗಳನ್ನು ಹಿಡಿಯಾಗಿ ಹಿಡಿದು, ಇನ್ನೊಂದು ಕೈಯ ಕುಡಗೋಲಿನಿಂದ ಎರಡು ಬೆರಳು ಮೇಲಕ್ಕೆ ಕೊಯ್ಯಬೇಕು. ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಕೊಯ್ದದ್ದನ್ನು ಕೆಳಗಿಡದೆ ಅಂಗೈಯಲ್ಲೇ ಕೂಡಿಸುತ್ತ ಹೋಗಿ, ಮುಷ್ಟಿ ತುಂಬಿದೊಡನೆ ಪುಂಡಿ ನಾರಿನಿಂದ ಸೂಡು ಕಟ್ಟಿ, ಒದ್ದೆ ಗೋಣಿಚೀಲದಡಿ ಸೇರಿಸಬೇಕು. ಅವ್ವ ಕೂತಳೆಂದರೆ ಆ ಚರಚರ ಸದ್ದು ನಿಲ್ಲುತ್ತಲೇ ಇರಲಿಲ್ಲ. ಕೊಯ್ದಲ್ಲಿ ಹಾಲು ಒಸರಿ ಬೆರಳೆಲ್ಲ ಅಂಟಂಟಾಗಿ ಸಂಜೆಗೆ ಕಪ್ಪಾಗುತ್ತಿದ್ದವು. ಆ ಕಹಿ ವಾಸನೆ ನನಗೆ ಇವತ್ತಿಗೂ ಇಷ್ಟ.

ನಾನು ಎಡಚಿ. ಕುಡಗೋಲು ತಾನಾಗಿಯೇ ಎಡಗೈಗೆ ಬರುತ್ತಿತ್ತು. ಎಳೆದರೆ ಗಿಡ ಬೇರುಸಹಿತ ಕಿತ್ತು ಬರುತ್ತಿತ್ತು. ಬಲಗೈಯಲ್ಲಿ ಹಿಡಿದರೆ ಬೆರಳು ಕೊಯ್ದುಕೊಳ್ಳುತ್ತಿದ್ದೆ.

"ಭೂಮಿತಾಯಿಗಿ ಎಡಿ ಮಾಡೂ ತಪ್ಪಲಾ ಎಡಗೈಲೆ ಕೊಯ್ತಾರೇನ ಯಾರರ? ನೋಡು, ಬೇರ ಸೈತ ಕಿತ್ತಿ!" ಎಂದು ಆಯಿ ಗುಡುಗುತ್ತಿದ್ದಳು.

"ಕುಡಗೋಲ ಜಾರತೈತಿ ಆಯಿ."

"ಹೌದ, ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ."

ಆ ವರ್ಷ ಅವಳ ಸಿಟ್ಟು ನೆತ್ತಿಗೇರಿತ್ತು. ನಮ್ಮ ಸೊಪ್ಪನ್ನು ಮುದ್ದೇಬಿಹಾಳದ ಸಂತೆಗೆ ಒಯ್ಯುತ್ತಿದ್ದ ಮಾಬೂಸಾಬ ಕಾಕಾ, "ಬೇರಿದ್ದ ಸೂಡ ಮಂದಿ ಒಲ್ಲೆ ಅಂತಾರ್ರಿ ಆಯಿ" ಎಂದು ಮೆಲ್ಲಗೆ ಹೇಳಿ ಹೋಗಿದ್ದ. ಅಂದೇ ತೀರ್ಪಾಯಿತು.

"ಎಳ್ಳಮಾಸಿ ಮುಗೀಲಿ, ಈಕಿ ಎಡಗೈಗಿ ಅರಿವಿ ಸುತ್ತಿ ಕಟ್ಟೇಬಿಡ್ತೇನಿ. ಬಲಗೈ ರೂಢಿ ಆಗೂತನಾ ಬಿಚ್ಚಾಂಗಿಲ್ಲ."

ಹಾಗೆ ಕಟ್ಟಿಸಿಕೊಂಡವರನ್ನು ನಾನು ಕಂಡಿದ್ದೆ. ನಮ್ಮ ಓಣಿಯ ಶಾಂತವ್ವ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸಾಲಿಯ ಕಟ್ಟೆ ಮೇಲೆ ಕೂತಿರುತ್ತಿದ್ದಳು. ಹರಳು ಎಸೆದು ಹಿಡಿಯುವ ಆಣಿಕಲ್ಲಿನ ಆಟಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಆ ಆಟದಲ್ಲಿ ನನ್ನ ಎಡಗೈಗೆ ಸಮನಾದವರು ಓಣಿಯಲ್ಲೇ ಇರಲಿಲ್ಲ. ಹಬ್ಬ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು. ಅಮಾವಾಸ್ಯೆ ಬರುವುದೇ ಬೇಡ ಎಂದು ದೇವರಲ್ಲಿ ಬೇಡಿಕೊಂಡ ಹುಡುಗಿ ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು!

ಹಬ್ಬ ಎರಡು ದಿನ ಇದೆ ಅನ್ನುವಾಗ ಆಯಿ ನೀರಿನ ಕಾಲುವೆಯ ಬದುವಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡಳು. ಮರುದಿನ ಬೆಳಿಗ್ಗೆ ಸಂತೆಗೆ ಇಡೀ ತೋಟದ ಹಕ್ಕರಕಿ ಕೊಯ್ದು ಕೊಡಬೇಕಿತ್ತು. ಅವ್ವ ಒಬ್ಬಳಿಂದ ಆಗುವ ಮಾತಲ್ಲ. ಆಯಿ ಸುಮ್ಮನೆ ಕೂರುವ ಹೆಂಗಸೂ ಅಲ್ಲ. ಬೆಳಗಾಗುತ್ತಲೇ ಅರಿಶಿನ ಹಚ್ಚಿದ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಆ ಬೆರಳುಗಳಿಂದಲೇ ಎಲೆ ಹಿಡಿದು, ಕುಡಗೋಲನ್ನು ಎಡಗೈಯಲ್ಲಿ ಎಳೆದಳು. ಗಿಡ ಬೇರುಸಹಿತ ಬಂತು. ಇನ್ನೊಂದು ಎಳೆದಳು. ಅದೂ ಬಂತು.

"ಈ ಕುಡಗೋಲೇ ಸುಡಗಾಡ ಐತಿ!"

ಅವ್ವ ತಲೆ ಎತ್ತದೆ, "ಕುಣೀಲಾರದಾಕಿ ನೆಲ ಡೊಂಕ ಅಂದಾಂಗಾತ್ರಿ ಅತ್ತಿ" ಅಂದಳು. ಅತ್ತೆಗೆ ಹೀಗೆ ಅಂದದ್ದು ಅದೇ ಮೊದಲು.

ಆಯಿ ಬೈಯಲಿಲ್ಲ. ಕುಡಗೋಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಲಗಿನ ಹಲ್ಲುಗಳನ್ನು ಒಂದೇ ಮೈಗೆ ಕೊರೆದಿದ್ದರು. ಬಲಗೈಯಲ್ಲಿ ಹಿಡಿದರೆ ಅವು ಕಾಂಡವನ್ನು ಕಚ್ಚುತ್ತಿದ್ದವು, ಎಡಗೈಯಲ್ಲಿ ಜಾರಿ ಎಳೆಯುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗಿದಳು.

"ಏಳು, ಕಂಬಾರನ ಕಡಿ ಹೋಗೂಣು."

ಕುಲುಮೆಯಲ್ಲಿ ಆಯಿ ಹಲ್ಲುಗಳನ್ನು ಆಚೆ ಮೈಗೆ ತಿರುವಿ ಕೊಡು ಅಂದಾಗ ಕಂಬಾರ ಮೊದಲು ನಕ್ಕುಬಿಟ್ಟ. "ಹಿಂಗ್ಯಾಕ ತಿರುವು ಅಂತೀರಿ ಆಯಿ? ನಿಮ್ಮ ಕೈ ನಾಕ ದಿನದಾಗ ನೆಟ್ಟಗ ಆಕ್ಕೈತಿ."

"ನನಗಲ್ಲೋ, ಈ ಹುಡುಗಿಗಿ. ತಪ್ಪ ಈಕಿ ಕೈಯಾಗಿಲ್ಲ, ಕುಡಗೋಲದಾಗ ಐತಿ. ಲಗೂ ಮಾಡು, ಬಿಸಿಲ ಏರಾಕತ್ತೈತಿ."

ನಾನು ಅಲ್ಲೇ ಅತ್ತುಬಿಟ್ಟೆ. ಹೆದರಿಕೆಗಲ್ಲ, ಹೆದರಿಕೆ ಹೋಯಿತಲ್ಲ ಅಂತ. ಅವನು ಹಳೆಯ ಹಲ್ಲುಗಳನ್ನು ಉಜ್ಜಿ, ಅಲಗಿನ ಆಚೆ ಮೈಗೆ ಹೊಸದಾಗಿ ಕೊರೆದು, ಅದರ ಬಿಸಿ ಆರುವ ಮೊದಲೇ ನನ್ನ ಎಡಗೈಗೆ ಕೊಟ್ಟ.

ಅವತ್ತು ಹಕ್ಕರಕಿ ನನ್ನ ಕೈಯಲ್ಲಿ ಚರಚರ ಅಂದಿತು. ಮೊದಲು ಒಂದೇ ಮಡಿಯಲ್ಲಿ ಅವ್ವ, ಆಯಿ ಕೂತರೆ ಮೊಣಕೈಗೆ ಮೊಣಕೈ ಬಡಿಯುತ್ತಿತ್ತು. ಈಗ ಅವ್ವ ಬಲಗೈ, ನಾನು ಎಡಗೈ. ಪಕ್ಕಪಕ್ಕದಲ್ಲಿ ಸರಿಯುತ್ತ ಹೋದರೂ ಒಬ್ಬರಿಗೊಬ್ಬರು ತಾಗಲಿಲ್ಲ. ಆಯಿ ಹಿಂದಿನಿಂದ ಸೂಡು ಆಯುತ್ತ ಬಂದಳು. ಮಾಬೂಸಾಬ ಕಾಕಾ ಮೋಟಾರು ಸೈಕಲ್ಲಿನ ಹಾರ್ನು ಬಾರಿಸುವಷ್ಟರಲ್ಲಿ ಚೀಲಗಳು ತಯಾರಿದ್ದವು. ಅವನು ಒಂದು ಸೂಡು ತಿರುಗಿಸಿ ಬುಡ ನೋಡಿ, "ಇದು ಬರೋಬ್ಬರಿ ಆತು" ಅಂದ.

ಮರುದಿನ ಚರಗದ ಊಟಕ್ಕೆ ಕೂತಾಗ ಹುರುಪಿನಲ್ಲಿ ಎಡಗೈಯನ್ನೇ ರೊಟ್ಟಿಗೆ ಚಾಚಿದೆ. ಆಯಿ ಕಣ್ಣು ಕೆಕ್ಕರಿಸಿದಳು. "ಕೊಯ್ಯಾಕ ಎಡಗೈ, ಉಣ್ಣಾಕ ಬಲಗೈ. ತಿಳೀತೋ ಇಲ್ಲೋ?" ತಿಳಿಯಿತು ಅಂದೆ. ಅರಿವೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಈಗ ನಾನು ಮುದ್ದೇಬಿಹಾಳದಲ್ಲಿದ್ದೇನೆ. ಆಯಿ ಇಲ್ಲ, ಆ ಕುಲುಮೆಯೂ ಇಲ್ಲ, ನನ್ನ ಕುಡಗೋಲೂ ಸವೆದುಹೋಯಿತು, ತೋಟದಲ್ಲಿ ಕಬ್ಬು ನಿಂತಿದೆ. ಸಂತೆಗೆ ಬರುವ ಹಕ್ಕರಕಿಯನ್ನು ಬೇರುಸಹಿತ ಕಿತ್ತೇ ತರುತ್ತಾರೆ. ಮಗನೂ ಎಡಚ. ಎಡಗೈಯಲ್ಲೇ ಬರೆಯುತ್ತಾನೆ, ಉಣ್ಣುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಕಂಡಾಗಲೆಲ್ಲ ಮನಸ್ಸು ಹಗುರಾಗುತ್ತದೆ. ಹಿತ್ತಲಲ್ಲಿ ಬಿತ್ತಿದ ಹಕ್ಕರಕಿಯನ್ನು ತಾನೇ ಕೊಯ್ಯುತ್ತೇನೆಂದು ಅವನು ಹಟ ಹಿಡಿದಾಗ, ಎಡಗೈಯ ಕುಡಗೋಲಿಗಾಗಿ ಅಂಗಡಿ ಅಂಗಡಿ ತಿರುಗಿದೆ.

"ಎಲ್ಲಾ ಒಂದ ನಮೂನಿ ಬರ್ತಾವ್ರಿ ಅಕ್ಕಾರ" ಅಂದ ಅಂಗಡಿಯವನು. "ಒಬ್ಬ ಹುಡುಗನ ಸಲುವಾಗಿ ಬ್ಯಾರೆ ಕುಡಗೋಲ ಯಾರ ಮಾಡಸ್ತಾರ?"

"ನಮ್ಮ ಆಯಿ ಮಾಡಿಸಿದ್ಲು" ಅಂದೆ.