ಐದನೆಯ ನಿಂಬೆಹಣ್ಣು

ಅಲ್ ಖೌದ್‌ನಲ್ಲಿ ನಮ್ಮ ಫ್ಲ್ಯಾಟಿನ ಎದುರಿನ ರಸ್ತೆಗೆ ಡಾಂಬರು ಬೀಳುವುದಕ್ಕೂ ಮೊದಲಿನ ಮಾತು. ಆಗ ಒಮಾನಿನಲ್ಲಿ ಬೆಳೆಯುತ್ತಿದ್ದ ನಮ್ಮಂಥ ಮಂಗಳೂರು ಕಡೆಯ ಮಕ್ಕಳಿಗೆ ಶುಕ್ರವಾರವೇ ಹಬ್ಬ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಬಂಗುಡೆ ಸಾರು, ಸಂಜೆ ಕಾಗದದ ಲೋಟದಲ್ಲಿ ಕರಕ್ ಚಹಾ, ಜೊತೆಗೆ ಚಿಪ್ಸ್ ಪುಡಿ ಮಾಡಿ ಸುತ್ತಿದ ಪರೋಟ. ನೀವೂ ಗಲ್ಫಿನಲ್ಲಿ ಬೆಳೆದವರಾದರೆ ಇಷ್ಟು ಓದುವಾಗಲೇ ಬಾಯಲ್ಲಿ ನೀರು ಬಂದಿರಬೇಕು. ಬರಲಿ. ಆದರೆ ಇದು, ಹತ್ತು ವರ್ಷದವಳಾಗಿದ್ದಾಗ ನಾನು ಒಬ್ಬ ಮನುಷ್ಯನ ಹೆಸರು ಕೆಡಿಸಿದ ಕತೆ.

ನನ್ನ ಪಪ್ಪ ರುಸೈಲ್‌ನ ಒಂದು ಶೆಡ್ಡಿನಲ್ಲಿ ವೆಲ್ಡರ್. ಶೆಡ್ಡಿನ ಯಜಮಾನ ಒಮಾನಿ, ಎಲ್ಲರ ಬಾಯಲ್ಲಿ ಅರ್ಬಾಬ್. ಅರ್ಬಾಬ್‌ಗೆ ಮರಳುಗಾಡಿನ ಕಾರು ರೇಸಿನ ಹುಚ್ಚು. ಆ ವರ್ಷ ಅವರು ಒಂದು ಕಾರು ಕಟ್ಟಿಸಿದರು. ಅದರೊಳಗಿನ ಕಬ್ಬಿಣದ ಪಂಜರದಿಂದ ಹಿಡಿದು ಬ್ರೇಕಿನ ಪೆಡಲಿನವರೆಗೆ ಬೆಸುಗೆ ಹಾಕಿದ್ದು ಪಪ್ಪ. ಓಡಿಸಲು ಅಮೆರಿಕದಿಂದ ಬಂದವರು ಹ್ಯಾಂಕ್. ಐವತ್ತು ದಾಟಿದ ಮನುಷ್ಯ, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಪಪ್ಪನಿಗೆ ಅವರೆಂದರೆ ದೇವರು.

ಒಂದು ಶುಕ್ರವಾರ ಪಪ್ಪ ಅವರನ್ನು ಊಟಕ್ಕೆ ಕರೆತಂದರು. ಅಮ್ಮ ಕೋಳಿ ಸಾರು ಸುರಿದು ಕೋರಿ ರೊಟ್ಟಿ ಬಡಿಸಿದಳು. ಖಾರಕ್ಕೆ ಹ್ಯಾಂಕ್ ಅಂಕಲ್‌ನ ಮೂಗು, ಕಿವಿ, ಕುತ್ತಿಗೆ ಎಲ್ಲ ಕೆಂಪಾಯಿತು. ಆದರೂ ಎರಡನೇ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ನಾನು ಅವರ ಕೈಯ ಗಾಯದ ಕಲೆ ನೋಡುತ್ತಿದ್ದುದನ್ನು ಕಂಡು, ಒಂದೊಂದೇ ಕಲೆ ತೋರಿಸುತ್ತಾ ತಮ್ಮ ಜೀವನವನ್ನೇ ಹೇಳಿಬಿಟ್ಟರು.

ಮಣಿಕಟ್ಟಿನದು ಹದಿನೈದನೇ ವಯಸ್ಸಿನದು. ಅವರ ಊರಿನ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ಪುಟ್ಟ ಕಾರಿನ ಕಾಲದ್ದು. ಭುಜದ ಹೊಲಿಗೆ, ಒಂದಕ್ಕೊಂದು ಗುದ್ದಿಕೊಂಡು ಓಡುವ ದೊಡ್ಡ ಕಾರುಗಳದು. ಕುತ್ತಿಗೆಯ ಸುಟ್ಟ ಕಲೆ, ಚಕ್ರಗಳೆಲ್ಲ ಹೊರಗೆ ಕಾಣುವ ಸಪೂರ ಕಾರಿಗೆ ಬೆಂಕಿ ಹಿಡಿದಾಗ ಆದದ್ದು. ಮೊಣಕಾಲಿನೊಳಗೆ ಸ್ಟೀಲಿನ ಪಟ್ಟಿ ಇತ್ತು. ಇಡೀ ದಿನ ಸರದಿಯ ಮೇಲೆ ಓಡಿಸುವ ರೇಸೊಂದರಲ್ಲಿ ಗೋಡೆಗೆ ಹೊಡೆದದ್ದಂತೆ. ನಡುವೆ ಎಷ್ಟೋ ಗೆದ್ದಿದ್ದರು, ಆದರೆ ಅದನ್ನು ನಾವು ಕೇಳಿದ ಮೇಲೆಯೇ ಹೇಳಿದ್ದು. "ಮರಳೊಂದು ಬಾಕಿ ಇದೆ," ಎಂದು ನಕ್ಕರು.

ಅಮ್ಮ ಕೆನ್ನೆಗೆ ಕೈ ಇಟ್ಟುಕೊಂಡು ಕೂತಿದ್ದಳು. "ಇವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ವಾ ಅಂತ ಕೇಳಿ ಮಾರಾಯ್ರೆ."

ಪಪ್ಪ ಇಂಗ್ಲಿಷಿನಲ್ಲಿ, "ಊಟ ಹೇಗಿತ್ತು ಅಂತ ಕೇಳುತ್ತಿದ್ದಾಳೆ," ಎಂದರು.

"ಸರಿ, ಒಂದು ಸಲವಾದ್ರೂ ಗಾಡಿಗೆ ಪೂಜೆ ಮಾಡಿಸಿದ್ದಾರಾ ಕೇಳಿ."

ಅದನ್ನು ಪಪ್ಪ ಸರಿಯಾಗಿಯೇ ಕೇಳಿದರು. ಹಾಗೆಂದರೆ ಏನೆಂದೇ ಹ್ಯಾಂಕ್ ಅಂಕಲ್‌ಗೆ ಗೊತ್ತಿರಲಿಲ್ಲ.

"ನೋಡಿ! ಮತ್ತೆ ಆಗದೆ ಇರ್ತದಾ? ಚಕ್ರದ ಅಡಿಗೆ ಒಂದು ನಿಂಬೆಹಣ್ಣು ಇಡಲಿಕ್ಕೂ ಗತಿ ಇಲ್ವಾ ಆ ದೇಶದಲ್ಲಿ?" ಎಂದಳು ಅಮ್ಮ.

ಅಮ್ಮ ಅಂದದ್ದು ತಮಾಷೆಗೋ ಏನೋ. ನನ್ನ ತಲೆಯಲ್ಲಿ ಅದು ಅಚ್ಚೊತ್ತಿ ಕೂತಿತು. ಅಷ್ಟು ಗಾಯಗಳಿಗೆ ಕಾರಣ ಕೊನೆಗೂ ಸಿಕ್ಕಿತ್ತು.

ಮುಂದಿನ ವಾರವೇ ಆಯುಧಪೂಜೆ. ಅರ್ಬಾಬ್ ಒಳ್ಳೆಯವರು, "ನಿಮ್ಮ ಪದ್ಧತಿ ನೀವು ಮಾಡಿ," ಎಂದು ಹೊರಗೆ ಫೋನು ಹಿಡಿದು ನಿಂತರು. ವೆಲ್ಡಿಂಗ್ ಮೆಷಿನ್, ಗ್ರೈಂಡರ್, ಸುತ್ತಿಗೆ ಎಲ್ಲಕ್ಕೂ ಕುಂಕುಮ. ಊದುಬತ್ತಿ, ಗ್ರೀಸು, ಸುಟ್ಟ ಕಬ್ಬಿಣ, ಬೆಲ್ಲ ಕಲಸಿದ ಅವಲಕ್ಕಿ, ಈ ನಾಲ್ಕೂ ಸೇರಿದ ವಾಸನೆಯನ್ನು ನಾನು ಮತ್ತೆಲ್ಲೂ ಮೂಸಿಲ್ಲ. ಅಮ್ಮ ಬರ್ಕಾ ಮಾರ್ಕೆಟ್ಟಿನ ಐದು ನಿಂಬೆಹಣ್ಣು ತಂದಿದ್ದಳು. ನಾಲ್ಕು ಚಕ್ರಗಳಿಗೆ ನಾಲ್ಕು, ಸ್ಟೆಪ್ನಿಗೊಂದು. ಸ್ಟೆಪ್ನಿಗೂ ಇಡದಿದ್ದರೆ ಅದಕ್ಕೆ ಬೇಸರವಾಗುತ್ತದೆ ಎಂಬುದು ಅಮ್ಮನ ನಂಬಿಕೆ. ಆದರೆ ಆ ದಿನ ಸ್ಟೆಪ್ನಿ ಇನ್ನೂ ಕಾರಿಗೆ ಬಂದಿರಲಿಲ್ಲ. "ಇದನ್ನು ಹಿಡ್ಕೊ," ಎಂದು ಐದನೆಯದನ್ನು ನನ್ನ ಕೈಗೆ ಕೊಟ್ಟಳು.

ಹ್ಯಾಂಕ್ ಅಂಕಲ್ ಹಣೆಗೆ ಕುಂಕುಮ ಇಟ್ಟುಕೊಂಡು, ನಾಲ್ಕೂ ಹಣ್ಣಿನ ಮೇಲೆ ಕಾರು ಹತ್ತಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ದೊಡ್ಡವರು ಅವಲಕ್ಕಿ ತಿನ್ನುವ ಗಲಾಟೆಯಲ್ಲಿದ್ದಾಗ ನಾನು ಕಾರಿನೊಳಗೆ ನುಸುಳಿದೆ. ಚಕ್ರ ಕಾಯುವುದಕ್ಕೆ ನಾಲ್ಕಿವೆ, ಮನುಷ್ಯನನ್ನು ಕಾಯುವುದಕ್ಕೆ ಒಂದಾದರೂ ಬೇಡವೇ? ಯಾರೂ ಕಂಡು ಎಸೆಯದಂತೆ ಡ್ರೈವರ್ ಸೀಟಿನ ಅಡಿಯ ಸಂದಿಗೆ ಆ ಪುಟ್ಟ, ಗಟ್ಟಿ ಹಣ್ಣನ್ನು ಒಳಕ್ಕೆ ತುರುಕಿದೆ. ಕೈ ಮುಗಿದು ಹೊರಬಂದೆ. ಅಷ್ಟು ಪುಣ್ಯದ ಕೆಲಸ ಮಾಡಿದ ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಬರ್ಕಾ ದಾಟಿ ಒಳಗೆ ಹೋದರೆ ಮರಳಿನ ದಿಬ್ಬಗಳ ಬಯಲು. ಆ ಶುಕ್ರವಾರ ಅಲ್ಲಿ ಪರೀಕ್ಷೆಯ ಓಟ. ಕಾರು ಚೆನ್ನಾಗಿ ಓಡಿದರೆ ಅರ್ಬಾಬ್ ಹ್ಯಾಂಕ್ ಅಂಕಲ್‌ಗೆ ಇಡೀ ಸೀಸನ್ ಕೊಡುವುದೆಂದು ಮಾತಾಗಿತ್ತು. ಅಮೆರಿಕದಲ್ಲಿ ಅವರನ್ನು ಈ ವಯಸ್ಸಿಗೆ ಯಾರೂ ಕರೆಯುತ್ತಿಲ್ಲ, ಇದೇ ಕೊನೆಯ ಅವಕಾಶ ಎಂದು ಪಪ್ಪ ದಾರಿಯಲ್ಲಿ ಅಮ್ಮನಿಗೆ ಹೇಳುತ್ತಿದ್ದರು.

ಕಾರು ಮೊದಲ ದಿಬ್ಬ ಏರಿತು, ಇಳಿಯಿತು. ಎರಡನೆಯದರ ನೆತ್ತಿಯಿಂದ ಹಾರಿ ಕೆಳಗೆ ಬಿತ್ತು. ಆಮೇಲಿನ ಇಳಿಜಾರಿನ ಕೊನೆಯಲ್ಲಿ ಕಲ್ಲಿನ ಹಳ್ಳ. ಅಲ್ಲಿ ನಿಧಾನ ಮಾಡಿ ತಿರುಗಬೇಕು. ಕಾರು ನಿಧಾನವಾಗಲಿಲ್ಲ. "ಬ್ರೇಕ್! ಬ್ರೇಕ್!" ಎಂದು ಪಪ್ಪ ಕಿರುಚಿದರು. ಒಂದು, ಎರಡು, ಮೂರು ಪಲ್ಟಿ. ಧೂಳು. ಅಯ್ಯೋ ದೇವರೇ! ಕೈಯಲ್ಲಿದ್ದ ಜ್ಯೂಸಿನ ಡಬ್ಬಿ ಕಾಲ ಮೇಲೆ ಬಿದ್ದದ್ದೂ ತಿಳಿಯಲಿಲ್ಲ.

ಹ್ಯಾಂಕ್ ಅಂಕಲ್ ಬದುಕಿದ್ದರು. ಪಂಜರದ ಒಂದು ಕೊಳವೆಯೂ ಬಾಗಿರಲಿಲ್ಲ. ಅವರನ್ನು ಹೊರಗೆಳೆದು ಮರಳಿನ ಮೇಲೆ ಕೂರಿಸಿದರು. ಬಲಗೈ ಮುರಿದು ಜೋತಾಡುತ್ತಿತ್ತು. ಅರ್ಬಾಬ್ ಓಡಿಬಂದವರು ಪಪ್ಪನ ಕಡೆ ತಿರುಗಿದರು. "ಬ್ರೇಕ್ ಕ್ಯೋಂ ನಹೀ ಲಗಾ? ಪೆಡಲ್ ಕಿಸ್‌ನೇ ಬನಾಯಾ?" ಬ್ರೇಕ್ ಯಾಕೆ ಹಿಡಿಯಲಿಲ್ಲ, ಪೆಡಲ್ ಮಾಡಿದ್ದು ಯಾರು ಎಂದು.

ಪಪ್ಪ ಮುಂದೆ ಬಂದರು. "ನಾನೇ, ಅರ್ಬಾಬ್."

"ಖಲಾಸ್. ನಾಳೆ ವೀಸಾ ಕ್ಯಾನ್ಸಲ್."

ಆಗ ಮರಳಿನ ಮೇಲಿಂದ ಹ್ಯಾಂಕ್ ಅಂಕಲ್ ಗಟ್ಟಿಯಾಗಿ, "ಪೆಡಲ್ ಸರಿ ಇತ್ತು. ನಾನು ಒತ್ತಿದ್ದು ತಡವಾಯಿತು. ತಪ್ಪು ನನ್ನದು," ಎಂದರು. ಅರ್ಬಾಬ್ ಅವರನ್ನೇ ನೋಡಿ, ತಮ್ಮ ಗಾಡಿಯ ಕಡೆ ನಡೆದರು. ಪಪ್ಪನ ವೀಸಾ ಉಳಿಯಿತು, ಹ್ಯಾಂಕ್ ಅಂಕಲ್‌ನ ಸೀಸನ್ ಹೋಯಿತು.

ಮರುದಿನ ಸಂಜೆ ಆಸ್ಪತ್ರೆಯಲ್ಲಿ ಪಪ್ಪ ಚಹಾ ತರಲು ಕೆಳಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ.

"ಕಾರು ಮಗುಚುವಾಗ ಯಾವ ವಾಸನೆ ಬಂತು ಗೊತ್ತಾ?" ಎಂದು ಹ್ಯಾಂಕ್ ಅಂಕಲ್ ಮೆಲ್ಲಗೆ ಕೇಳಿದರು. "ನಿಂಬೆಹಣ್ಣು. ಏನೋ ಉರುಳಿ ಬಂದು ಪೆಡಲಿನ ಅಡಿಗೆ ಸಿಕ್ಕಿಕೊಂಡಿತ್ತು. ಒತ್ತಿದರೆ ಕೆಳಗೆ ಹೋಗಲಿಲ್ಲ."

ನಾನು ಅಳತೊಡಗಿದೆ. ಅದೇ ಉತ್ತರವಾಯಿತು.

"ನೀನಾ?" ಅವರಿಗೆ ಸಿಟ್ಟು ಬರಲಿಲ್ಲ, ಕಣ್ಣು ಮಾತ್ರ ದೊಡ್ಡದಾಯಿತು. "ಯಾಕೆ?"

"ನಿಮಗೆ ಪೆಟ್ಟಾಗಬಾರದು ಅಂತ."

ಅವರು ನಗಲು ಹೋಗಿ ಪಕ್ಕೆಲುಬಿನ ನೋವಿಗೆ ಮುಖ ಕಿವುಚಿದರು. "ಯಾರಿಗೂ ಹೇಳಬೇಡ. ಹೇಳಿದರೆ ನಿನ್ನ ಅಪ್ಪನನ್ನು ಊರಿಗೆ ಕಳಿಸುತ್ತಾರೆ. ನಾನು ಬೀಳುವುದು ಹೊಸತಲ್ಲ, ಇನ್ನೊಂದು ಸೇರಿತು ಅಷ್ಟೆ. ಇನ್ನು ಮೇಲೆ ರೇಸಿನ ಕಾರಿನೊಳಗೆ ಏನನ್ನೂ ಇಡಬಾರದು. ದೇವರದ್ದಾದರೂ."

ನಾನು ತಲೆಯಾಡಿಸಿದೆ. ಅವರು ಹದಿನೈದು ದಿನಕ್ಕೆ ಅಮೆರಿಕಕ್ಕೆ ಹೋದರು.

ಆಮೇಲೆ ಪಪ್ಪನ ಮಾತು ಬದಲಾಯಿತು. ನೆಂಟರು ಬಂದಾಗಲೆಲ್ಲ, "ದೊಡ್ಡ ಡ್ರೈವರ್ ಅಂತೆ! ಹೆಸರಿಗೆ ಮಾತ್ರ. ಒಂದು ಬ್ರೇಕ್ ಒತ್ತಲಿಕ್ಕೆ ಗೊತ್ತಾಗ್ಲಿಲ್ಲ," ಎಂದು ನಗಿಸುತ್ತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಹೇಳಬೇಕೆಂದು ಎಷ್ಟು ಸಲ ಬಾಯಿಗೆ ಬಂದಿತ್ತೋ!

ಕಳೆದ ತಿಂಗಳು ಫೋನಿನಲ್ಲಿ ಹ್ಯಾಂಕ್ ಅಂಕಲ್‌ನ ಹೆಸರು ಹುಡುಕಿದೆ. ಅವರ ಓಟಗಳದ್ದೇ ಒಂದು ಪುಟ ಇತ್ತು, ಓದುವವರೂ ತಿದ್ದಬಹುದಾದಂಥದ್ದು. ಮಣ್ಣಿನ ಟ್ರ್ಯಾಕು, ದೊಡ್ಡ ಕಾರು, ಸಪೂರ ಕಾರು, ಇಡೀ ದಿನದ ಓಟ, ಗೆದ್ದದ್ದು, ಸೋತದ್ದು, ಎಲ್ಲ ಸಾಲುಸಾಲಾಗಿ. ಕಟ್ಟಕಡೆಯ ಸಾಲು: ಒಮಾನ್, ಪರೀಕ್ಷಾ ಓಟ, ಅಪಘಾತ, ಚಾಲಕನ ತಪ್ಪು. ಅದರ ನಂತರ ಏನೂ ಇಲ್ಲ. ಮೇಲೆ ಹೆಸರಿನ ಪಕ್ಕದಲ್ಲಿ ಹುಟ್ಟಿದ ವರ್ಷ, ಅದರ ಪಕ್ಕ ತೀರಿಕೊಂಡ ವರ್ಷ. ಇನ್ನು ಯಾರ ಹತ್ತಿರ ಕ್ಷಮೆ ಕೇಳುವುದು?

ಅದೇ ಫೋನು ಹಿಡಿದು ಪಪ್ಪನ ಎದುರು ಕೂತೆ. ನಿಂಬೆಹಣ್ಣು, ಆಸ್ಪತ್ರೆ, ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದ್ದು. ಪಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಗೊತ್ತುಂಟು," ಎಂದರು.

"ಎಂತ ಗೊತ್ತುಂಟು?"

"ಕಾರು ಶೆಡ್ಡಿಗೆ ಬಂತಲ್ಲ. ಪೆಡಲಿನ ಹಿಂದೆ ಸಿಪ್ಪೆ, ಬೀಜ ಎಲ್ಲ ಅಂಟಿಕೊಂಡಿತ್ತು. ನೀನಲ್ಲದೆ ಮತ್ತೆ ಯಾರು? ಅರ್ಬಾಬ್ ಬರುವ ಮೊದಲು ಡೀಸೆಲ್ ಹಾಕಿ ತೊಳೆದೆ."

ನಾನು ಫೋನು ಕೆಳಗಿಟ್ಟೆ. "ಮತ್ತೆ ಇಷ್ಟು ವರ್ಷ ಅವರನ್ನು ಬೈದದ್ದು?"

"ಬೈಯದೆ ಎಂತ ಮಾಡುದು ಮಗಾ? ಸುಮ್ಮನಿದ್ರೆ ನಿಜ ಬಾಯಿಗೆ ಬರ್ತಿತ್ತು."

ನನ್ನ ಬಾಲ್ಯ ಎಂದರೆ ಅದರಲ್ಲಿ ಊಟದ ಮಾತು ತಿರುಚುವುದಕ್ಕಿಂತ ದೊಡ್ಡ ಸುಳ್ಳು ಹೇಳಲು ಬಾರದ ಒಬ್ಬ ಅಪ್ಪ ಇದ್ದರು. ಶೆಡ್ಡು ಹೋಯಿತು, ಆ ದಿಬ್ಬಗಳ ಮೇಲೆ ಈಗ ಬಡಾವಣೆ ಬಂದಿದೆ, ಅದಕ್ಕೆಲ್ಲ ನಾನು ಅತ್ತವಳಲ್ಲ. ಆ ಅಪ್ಪ ಹೋದದ್ದು ಮಾತ್ರ ತಡೆಯಲಾಗಲಿಲ್ಲ. ಎದುರಿಗೇ ಕೂತಿದ್ದರು, ಬೈಯೋಣವೆಂದರೆ ಅಷ್ಟೂ ಮಾಡಿದ್ದು ನನಗಾಗಿ.

ಕನ್ನಡಕ ಹಾಕಿಕೊಂಡು, ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಅವರೇ ಕೇಳಿದರು. "ಆ ಕೊನೆಯ ಸಾಲು ತಿದ್ದಲಿಕ್ಕೆ ಆಗ್ತದಾ?"

"ಆಗ್ತದೆ ಪಪ್ಪ. ಆದ್ರೆ ಆಧಾರ ಏನಾದ್ರೂ ತೋರಿಸ್ಬೇಕಂತೆ."

ಪಪ್ಪ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. "ಅದನ್ನೇ ಅಲ್ವಾ ನಾನು ತೊಳೆದದ್ದು," ಎಂದರು.