ಗೋಡೆಗೆ ಮುಖಮಾಡಿದ ಚಿತ್ರ

ಬುಡಕಟ್ಟಿನವರ ಚಿತ್ರಗಳನ್ನು ಮಾರುವ ಆ ಗ್ಯಾಲರಿಯ ಯಜಮಾನನ ಬಾಯಿಗೆ ಬೀಗವೆಂಬುದೇ ಇಲ್ಲ. ಬಂದವರು ಕಾಲೊರೆಸಿಕೊಳ್ಳುವಷ್ಟರಲ್ಲೇ ಶುರು: "ಬನ್ನಿ ಮೇಡಂ, ಆ ಮೀನಿನ ಕಣ್ಣು ನೋಡಿ, ಎಲ್ಲಿ ನಿಂತ್ರೂ ನಿಮ್ಮನ್ನೇ ನೋಡುತ್ತೆ!" ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಕೇಳಿದವರಿಗೆ, "ಸೋಫಾನೇ ಬದಲಾಯಿಸಿ" ಎಂದುಬಿಡುತ್ತಾನೆ. ಗೆರೆಗೊಂದು ಕಥೆ ಹೇಳಿ ಕೇಳುವವರ ಕಾಲಿಗೆ ಜೋಮು ಹಿಡಿಸುತ್ತಾನೆ; ಹೆಂಡತಿ ಊಟಕ್ಕೆ ಕರೆದೂ ಕರೆದೂ ಸೋತು, ಈಗ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಹೋಗುತ್ತಾಳೆ. ಇಂಥವನು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ತೂಗುವ ಒಂದು ಚಿತ್ರದ ಬಳಿ ಬಂದಾಗ ಮಾತ್ರ ದನಿ ತಗ್ಗಿಸುತ್ತಾನೆ. "ತಿರುಗಿಸ್ರೀ, ನೋಡೋಣ" ಎಂದು ಯಾರಾದರೂ ಕೇಳಿದರೆ, "ಇದನ್ನ ಬರೆದ ಅಕ್ಕ ತೀರಿಕೊಂಡ್ರು, ಅದಕ್ಕೇ ಗೋಡೆಗೆ ತಿರುಗಿಸಿದ್ದು. ಇನ್ನು ಅವರ ಮನೆಯವರೇ ಬಂದು ತಿರುಗಿಸ್ಬೇಕು. ಅವರ ಬುಡಕಟ್ಟಲ್ಲಿ ಹಾಗೇ ಪದ್ಧತಿ" ಎನ್ನುತ್ತಾನೆ. ಆ ಮನೆಗೆ ಅಕ್ಕನೇ ಕೊನೆಯವಳೆಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ದಿನಾ ಬೆಳಿಗ್ಗೆ, ಇವತ್ತೇ ಯಾರೋ ಬರುವವರಿದ್ದಾರೆ ಎಂಬಂತೆ, ಚಿತ್ರದ ಬೆನ್ನಿನ ಧೂಳು ಒರೆಸುತ್ತಾನೆ. ಆಕೆ ಅಲ್ಲಿ ಬರೆದದ್ದು ಹಕ್ಕಿಯನ್ನೋ ಮರವನ್ನೋ ಎಂಬುದು ಈಗೀಗ ಅವನಿಗೇ ಮಸುಕಾಗುತ್ತಿದೆ. ಒರೆಸುವ ಕೈ ಮಾತ್ರ ಒಂದು ದಿನವೂ ಅದನ್ನು ಸರಿಸಿ ನೋಡಿಲ್ಲ.